ತಿಪ್ಪೇಶ ಮಾಡಿದ ರಿಯಾಯಿತಿ

ಮೀಟರ್ ಓದಲು ಬಂದವನನ್ನು ಸೀರೆ ಅಂಗಡಿಯೊಳಗೆ ಬಿಟ್ಟುಕೊಂಡು ತಿಪ್ಪೇಶ ಶಟರ್ ಎಳೆದ.

"ಸೀರೆ ತಗೊಳ್ಳದೆ ಹೋಗಂಗಿಲ್ಲ!"

"ಲೇ, ನಾನು ಕರೆಂಟಿನವನು ಕಣೋ!"

"ಯಾರಾದರೇನು? ಬಂದವರನ್ನು ಬರಿಗೈಯಲ್ಲಿ ಕಳಿಸಬೇಡ ಅಂದಿದ್ದಾರೆ ಸಾಹುಕಾರರು!"

ಸಾಹುಕಾರ ಬಂದು ಶಟರ್ ಎತ್ತಿದ. ಮೀಟರಿನವನನ್ನು ಹೊರಗೆ ಬಿಟ್ಟ. ತಿಪ್ಪೇಶನನ್ನೂ ಹೊರಗೆ ಹಾಕಿದ.

ತಾಯಿ ಹಾಲಮ್ಮ ತಲೆ ಚಚ್ಚಿಕೊಂಡಳು.

"ತೋಳು ಗಟ್ಟಿ ಅಂತ ಬಾಗಿಲಿಗೆ ನಿಲ್ಲಿಸಿದರೆ ಹೀಗೇನೋ? ಸೋಮವಾರ ಹೆಣ್ಣಿನ ಕಡೆಯವರು ಬರ್ತಾರೆ. ಕೆಲಸ ಇಲ್ಲದವನಿಗೆ ಯಾರೋ ಹೆಣ್ಣು ಕೊಡ್ತಾರೆ? ಗಂಟಲು ದೊಡ್ಡದಿದೆ, ಪಾತ್ರೆ ಅಂಗಡಿ ಮುಂದೆ ಕೂಗು. ಬೇಡ ಅಂದವರಿಗೆ ಕೈಮುಗಿದು ದಾರಿ ಬಿಡು!"

"ಹೂಂನಮ್ಮ."

ತಿಪ್ಪೇಶ ಕೆಲಸಕ್ಕೆ ಸೇರಿದ ಪಾತ್ರೆ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಕೊಳಗ ಎತ್ತಿದಳು, ಬಡಿದಳು, ಬೆಲೆ ಕೇಳಿದಳು.

"ಜಾಸ್ತಿಯಾಯ್ತು. ಬೇಡ ಬಿಡಪ್ಪ."

ಎರಡು ಹೆಜ್ಜೆ ಹೋಗಿ ನಿಂತಳು. ಕರೀತಾನೇನೋ ಎಂದು ತಿರುಗಿ ನೋಡಿದಳು. ತಿಪ್ಪೇಶ ಕೈಮುಗಿದ. ಅವಳು ನಿಂತೇ ಇದ್ದಳು. ದಾರಿ ಗೊತ್ತಿಲ್ಲವೇನೋ ಎಂದು ಅವಳ ಚೀಲ ಹೊತ್ತು ಎದುರಿನ ಪಾತ್ರೆ ಅಂಗಡಿಗೆ ಬಿಟ್ಟು ಬಂದ.

ಹಾಲಮ್ಮ ಅಂಗಡಿಯವನ ಕಾಲು ಹಿಡಿದು ಕೆಲಸ ಉಳಿಸಿದಳು. ಮನೆಗೆ ಬಂದು ಮಗನ ಕಿವಿ ಹಿಡಿದಳು.

"ಬೇಡ ಅಂತ ಎದ್ದು ಹೋಗೋರೇ ಕಣೋ ಕೊಳ್ಳೋರು! ಗಂಟಲಿದ್ದರೆ ಸಾಲದು, ಕಾಲೂ ಇದೆಯಲ್ಲ, ಹಿಂದೆ ಓಡು! ಇಳಿಸಿ ಕೊಡು! ಆಗಲೂ ಬೇಡ ಅಂದರೆ ಮನೇಲಿರೋ ಹಳೇದು ಯಾವುದನ್ನಾದರೂ ಜೊತೆಗೆ ಪುಕ್ಕಟೆ ಕೊಡು!"

"ಹೂಂನಮ್ಮ."

ಸೋಮವಾರ ಹೆಣ್ಣಿನ ಅಪ್ಪ ರುದ್ರಮುನಿ ಹೆಂಡತಿಯ ಜೊತೆ ಬಂದ. ಮಂಡಕ್ಕಿ ತಿಂದ. ಹುಡುಗನಿಗೆ ಕೆಲಸವಿದೆ ಎಂದು ಕೇಳಿ ತಲೆಯಾಡಿಸಿದ. ಹಾಲಮ್ಮ ಬೈಕು, ಉಂಗುರ ಕೇಳಿದಳು. ರುದ್ರಮುನಿ ಎದ್ದ.

"ನಮ್ಮ ಕೈಲಾಗಲ್ಲ ತಾಯಿ. ಈ ಸಂಬಂಧ ಬೇಡ ಬಿಡಿ."

ಗಂಡ ಹೆಂಡತಿ ಹೊರಟುಹೋದರು. ಹಾಲಮ್ಮ ಬಾಯಿ ತೆರೆಯುವಷ್ಟರಲ್ಲಿ ತಿಪ್ಪೇಶ ಹಿಂದೆ ಓಡಿದ್ದ. ಬಸ್ ನಿಲ್ದಾಣದಲ್ಲಿ ಅವರನ್ನು ಹಿಡಿದ.

"ಮಾವ, ಬೈಕು ಬಿಡಿ! ಸೈಕಲ್ ಸಾಕು!"

ರುದ್ರಮುನಿ ನಿಂತ. ಮುಖ ಸ್ವಲ್ಪ ಸಡಿಲವಾಯಿತು. "ಉಂಗುರ?"

"ಅದೂ ಬಿಡಿ!"

"ಸೈಕಲ್ಲೂ ಬೇಡಪ್ಪ," ಎಂದ ರುದ್ರಮುನಿ, ಇನ್ನಷ್ಟು ಇಳಿಯಲಿ ಎಂದು.

ಇಳಿಸಿದ ಮೇಲೂ ಬೇಡ ಎಂದನಲ್ಲ. ತಿಪ್ಪೇಶ ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದ.

"ಹಾಗಾದರೆ ನನ್ನ ಜೊತೆಗೆ ನಮ್ಮಮ್ಮನ್ನೂ ಪುಕ್ಕಟೆ ಇಟ್ಕೊಳ್ಳಿ ಮಾವ!"

ರುದ್ರಮುನಿಯ ಹೆಂಡತಿ ಗಂಡನ ರಟ್ಟೆ ಹಿಡಿದು ಎದುರಿಗಿದ್ದ ಬಸ್ಸಿಗೆ ತಳ್ಳಿ ತಾನೂ ಹತ್ತಿದಳು. ಅದು ಯಾವ ಊರಿನ ಬಸ್ಸೆಂದು ಇಬ್ಬರೂ ನೋಡಲಿಲ್ಲ.

ಸಂಬಂಧ ಮುರಿಯಿತು.