ಗಡಿಕಲ್ಲಿನ ಆಚೆಯ ಕೆಸರು

"ಗುರುಗಳೇ, ನಮ್ಮ ಕಲ್ಲು, ನಮ್ಮ ಬೆವರು ಪಕ್ಕದ ನಾಡಿನ ಸೇತುವೆಗೆ ಏಕೆ? ನಮ್ಮದು ನಮ್ಮಲ್ಲೇ ಇರಬಾರದೇ?" ಎಂದು ಶಿಷ್ಯನೊಬ್ಬ ಕೇಳಿದ. ಮಠದ ಕಲ್ಲುಕುಟಿಗರು ಅಂದು ಗಡಿ ದಾಟಿ ಕೆಲಸಕ್ಕೆ ಹೊರಟಿದ್ದರು.

"ಅಬ್ಬಾ, ಏನು ಸಿಟ್ಟು! ಕೂತುಕೋ ಮಾರಾಯ," ಎಂದು ಗುರು ನಕ್ಕು ಕತೆ ಹೇಳಿದರು.

ನಮ್ಮ ಈ ಬೆಟ್ಟದ ನಾಡಿಗೆ ಕಡಲಿಲ್ಲ. ಕಡಲು ಪಕ್ಕದ ನಾಡಿನದು. ಹಿಂದೆ ಇಲ್ಲಿ ಕಿತ್ತಳೆ ಬೇಕಾದಷ್ಟಿತ್ತು, ಉಪ್ಪಿಗೆ ಮಾತ್ರ ಬಾಯಿ ಬಾಯಿ ಬಿಡಬೇಕಿತ್ತು. ಕಿತ್ತಳೆಯ ಗಾಡಿಗಳು ಗಡಿಕಲ್ಲಿನವರೆಗೆ ಜೋರಾಗಿ ಹೋಗುತ್ತಿದ್ದವು. ಅದರಾಚೆ ಮೊಣಕಾಲುದ್ದ ಕೆಸರು. ಗಾಡಿ ಹೂತುಕೊಳ್ಳುತ್ತಿತ್ತು, ಹಣ್ಣು ಕೊಳೆಯುತ್ತಿತ್ತು. ಆಗ ನಮ್ಮ ಹಿರಿಯರು ಏನು ಮಾಡಿದರು ಗೊತ್ತೇ? ನಮ್ಮ ದಾರಿಯೇ ಸಾಲದೆಂದು ಪ್ರತಿ ವರ್ಷ ಅದನ್ನೇ ಅಗಲ ಮಾಡಿದರು! ಅದಕ್ಕೆ ಮನೆಗೊಂದು ಗಾಡಿ ಕಲ್ಲು ಎಂಬ ಕಟ್ಟಳೆ. ಹಬ್ಬ ಬಂದರೆ ದಾರಿ ತೊಳೆದು ಕೆಸರಿನ ಅಂಚಿನವರೆಗೂ ರಂಗೋಲಿ. ಬುದ್ಧಿವಂತರು, ಪಾಪ.

ಒಬ್ಬ ರೈತ ಹೆಂಗಸಿಗೆ ಕಿತ್ತಳೆ ತೋಟ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಈ ಸಲವೂ ಹಣ್ಣು ಕೊಳೆತರೆ ಮರ ಕಡಿಯುವುದೆಂದು ಮನೆಯವರು ಕೊಡಲಿ ಮಸೆದಿಟ್ಟಿದ್ದರು. ಆ ಮರಗಳನ್ನು ನೆಟ್ಟವಳು ಅವಳೇ. ಕೊಡಲಿ ಕಂಡವಳೇ ಎದ್ದು ಗಾಡಿ ಕಟ್ಟಿದಳು. ತನ್ನ ಪಾಲಿನ ಕಲ್ಲನ್ನು ಗಾಡಿಗೆ ಹೇರಿ, ಗಡಿಕಲ್ಲು ದಾಟಿ, ಕೆಸರಿನಲ್ಲಿ ಸುರಿದಳು.

ಊರು ಬಿದ್ದು ಬಿದ್ದು ನಕ್ಕಿತು. ಆಚೆ ಊರಿನ ಗೌಡ ಓಡಿ ಬಂದ.

"ನಮ್ಮ ನೆಲದಲ್ಲಿ ಇದೇನು ತಾಯಿ? ನಾಳೆ ನೆಲವೇ ನಿಮ್ಮದು ಅನ್ನುತ್ತೀರೋ ಹೇಗೆ?"

"ನೆಲವೂ ನಿಮ್ಮದೇ, ಕಲ್ಲೂ ನಿಮ್ಮದೇ ಗೌಡರೇ. ನನ್ನ ಗಾಡಿ ಹೋಗಲು ಬಿಡಿ, ಸಾಕು," ಎಂದು ಅವಳು ಸೆರಗಿನಿಂದ ಆ ವರ್ಷ ಮೊದಲು ಮಾಗಿದ ಕಿತ್ತಳೆಯನ್ನು ತೆಗೆದುಕೊಟ್ಟಳು.

ಗಡಿಯ ಪಕ್ಕದಲ್ಲೇ ಹುಟ್ಟಿ ಬೆಳೆದ ಆ ಗೌಡ ಕೊಳೆಯದ ಕಿತ್ತಳೆ ತಿಂದದ್ದು ಅದೇ ಮೊದಲು. ಅವನ ಊರಿನ ಉಪ್ಪೂ ಕೊಳ್ಳುವವರಿಲ್ಲದೆ ಪ್ರತಿ ಮಳೆಗಾಲ ಕರಗಿ ಹೋಗುತ್ತಿತ್ತು. ಅವನು ಬೀಜ ಉಗುಳಿದ, ಪಂಚೆ ಎತ್ತಿ ಕಟ್ಟಿದ, ತಾನೇ ಕೆಸರಿಗಿಳಿದ. ಅವನ ಹಿಂದೆ ಅವನ ಊರೂ ಇಳಿಯಿತು. ಅದನ್ನು ಕಂಡು ನಕ್ಕವರಿಗೆ ನಾಚಿಕೆಯಾಯಿತು. ದಾರಿ ಅಗಲಿಸಲು ತಂದ ಕಲ್ಲೆಲ್ಲ ಗಡಿ ದಾಟಿತು.

ಉಳಿದ ಹಣ್ಣು ಮಾಗುವಷ್ಟರಲ್ಲಿ ದಾರಿ ಮುಗಿಯಿತು. ಕಿತ್ತಳೆ ಇಳಿಯಿತು, ಉಪ್ಪು ಹತ್ತಿತು. ಅಯ್ಯೋ, ಆ ದಿನದ ಸಂಭ್ರಮವೇ! ಎರಡೂ ಊರಿನವರು ಗಡಿಕಲ್ಲಿನ ಬಳಿ ಎಲೆ ಹಾಕಿ ಒಟ್ಟಿಗೆ ಉಂಡರು. ಮರ ಕಡಿಯಲು ಮಸೆದಿಟ್ಟ ಕೊಡಲಿಯಿಂದ ಗೌಡ ಕಳಿಸಿದ ತೆಂಗಿನಕಾಯಿ ಒಡೆದರು. ಆ ಹೆಂಗಸು ನಗುತ್ತಲೇ ಅತ್ತಳು. ಮುಂದಿನ ಹಬ್ಬಕ್ಕೆ ರಂಗೋಲಿ ಗೌಡನ ಮನೆಯ ಬಾಗಿಲವರೆಗೂ ಹೋಯಿತು.

ಶಿಷ್ಯ ಇನ್ನೂ ಬಿಡಲಿಲ್ಲ. "ಆದರೂ ಗುರುಗಳೇ, ಕೊನೆಗೆ ಆ ದಾರಿ ಅವರದೇ ಆಯಿತಲ್ಲ?"

ಗುರು ಹೇಳಿದರು: "ಬೆಳಿಗ್ಗೆ ಗಂಜಿಗೆ ಎರಡೆರಡು ಸಲ ಉಪ್ಪು ಕೇಳಿ ಹಾಕಿಸಿಕೊಂಡೆಯಲ್ಲ, ಅದು ಯಾರ ದಾರಿಯಲ್ಲಿ ಬಂತೆಂದು ಆಗ ಕೇಳಿದೆಯಾ?"