ಅಜ್ಜಿಯನ್ನು ಕರೆಯುವ ಪಾಠ

ಕಪಿಲಾ ನದಿಯ ದಡದಲ್ಲಿ ಒಂದು ವೇದಾಶ್ರಮ. ಅಲ್ಲಿ ಸುಬ್ಬಾವಧಾನಿಗಳು ಸಂಥೆ ಹೇಳುತ್ತಿದ್ದರು. ಗುರು ಒಂದು ಸಲ ಹೇಳುವುದು, ಶಿಷ್ಯ ತಲೆ ತಗ್ಗಿಸಿ ಎರಡು ಸಲ ಹೇಳುವುದು. ಒಂದು ಸ್ವರ ಜಾರಿದರೂ ಮತ್ತೆ ಮೊದಲಿಂದ.

ಅವಧಾನಿಗಳ ಬಾಯಲ್ಲಿ ಸ್ವರ ತಪ್ಪಿದ್ದನ್ನು ಕೇಳಿದವರು ಯಾರೂ ಇರಲಿಲ್ಲ.

ಅವರ ಶಿಷ್ಯ ವಾಮನ. ಇಲ್ಲಿಗೆ ಬರುವ ಮೊದಲು ಪುದುಚೇರಿಯಲ್ಲಿದ್ದು ಫ್ರೆಂಚ್ ಕಲಿತಿದ್ದ. ಅವನಿಗೆ ಫ್ರೆಂಚ್ ಬರುತ್ತದೆಂಬುದು ಆಶ್ರಮದ ಹಸುಗಳಿಗೂ ಗೊತ್ತಿತ್ತು.

ಅಡುಗೆಯ ಪದ್ದಕ್ಕನ ಮಗಳು ನೀರಜೆಗೆ ಆರು ವರ್ಷ. ಸಂಸ್ಕೃತ ಕಲಿಯಲು ಫ್ರಾನ್ಸಿನಿಂದ ಬಂದು, ಪದ್ದಕ್ಕನನ್ನು ಮದುವೆಯಾಗಿ ಇಲ್ಲೇ ಉಳಿದವನು ಅವಳ ಅಪ್ಪ. ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಈಗ ಅವನ ತಾಯಿಯಿಂದ ಕಾಗದ ಬಂದಿತ್ತು. ಮೊಮ್ಮಗಳನ್ನು ಒಮ್ಮೆ ನೋಡಬೇಕು, ಬರುತ್ತಿದ್ದೇನೆ ಎಂದು.

ನೋಡಬೇಕು ಎಂದು ಬರೆಸಿದ ಆ ಮುದುಕಿಗೆ ಕಣ್ಣು ಪೂರ್ತಿ ಹೋಗಿತ್ತು.

ಪದ್ದಕ್ಕ ವಾಮನನ ಮುಂದೆ ಕೈಮುಗಿದು ನಿಂತಳು.

“ಇವಳ ದನಿ ಬಿಟ್ಟರೆ ಆ ತಾಯಿಗೆ ಮಗನದ್ದು ಅಂತ ಇನ್ನೇನೂ ಸಿಗೋದಿಲ್ಲ. ನಮಸ್ಕಾರ, ಅಜ್ಜಿ. ಅಷ್ಟು ಹೇಳೋಕೆ ಕಲಿಸಿಕೊಡು ವಾಮನ, ಸಾಕು.”

“ಕಲಿಸಿದರೆ ಸರಿಯಾಗಿಯೇ ಕಲಿಸ್ತೀನಿ ಪದ್ದಕ್ಕ” ಎಂದ ವಾಮನ.

ಮಗುವನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದ. ತಲೆ ತಗ್ಗಿಸಲು ಹೇಳಿದ.

“ಬೊಂಜೂರ್.”

ಮಗು ಎರಡು ಸಲ ಹೇಳಿತು.

“ಗ್ರಾಂಮೇರ್.”

ಫ್ರೆಂಚರ ರಕಾರ ಗಂಟಲಿನಿಂದ ಬರಬೇಕು. ನೀರಜೆಯದು ನಾಲಿಗೆಯ ತುದಿಯಿಂದ ಬಂತು.

“ಮೊದಲಿಂದ” ಎಂದ ವಾಮನ.

ಎರಡನೆಯ ದಿನವೂ ಮೊದಲಿಂದ. ಎಂಟನೆಯ ದಿನವೂ ಮೊದಲಿಂದ. ಒಂಬತ್ತನೆಯ ದಿನ ಮಗು ಬಾಯಿ ತೆರೆಯಿತು, ದನಿ ಬರಲಿಲ್ಲ. ಸಂಜೆಯ ಹೊತ್ತಿಗೆ ಕನ್ನಡವೂ ನಿಂತುಹೋಯಿತು.

ಪದ್ದಕ್ಕ ಅವಧಾನಿಗಳ ಬಳಿ ಬಂದು ಅತ್ತಳು. “ಹಸಿವು ಅಂತಲೂ ಹೇಳ್ತಿಲ್ಲ ಗುರುಗಳೇ. ಅವರು ಬರೋಕೆ ಇನ್ನು ಐದೇ ದಿನ. ಅಷ್ಟು ದೂರದಿಂದ ಬಂದು ಮೂಕ ಮಗುವನ್ನ ಮುಟ್ಟಿ ಹೋಗಬೇಕಾ?”

ಅವಧಾನಿಗಳು ವಾಮನನನ್ನು ಕರೆಸಿದರು.

“ಮಗುವಿಗೆ ಹೇಗೆ ಕಲಿಸಿದೆ?”

“ನೀವು ನನಗೆ ಕಲಿಸಿದ ಹಾಗೇ ಗುರುಗಳೇ. ಒಂದಿಷ್ಟೂ ಸಡಿಲ ಬಿಡಲಿಲ್ಲ.”

ಆ ಮಾತು ಗುರುಗಳಿಗೆ ಚೆನ್ನಾಗಿಯೇ ನಾಟಿತು.

ಮರುದಿನ ಬೆಳಿಗ್ಗೆ ನೀರಜೆ ನದಿಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಧಾನಿಗಳು ಬಂದು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ತಲೆ ತಗ್ಗಿಸಿದರು.

“ಅಜ್ಜಿ ಬಂದಾಗ ನಾನೂ ಮಾತಾಡಿಸಬೇಕಲ್ಲ ತಾಯಿ. ನಿನಗೆ ಬಂದಷ್ಟು ಹೇಳಿಕೊಡು.”

ಮಗು ಸುಮ್ಮನಿತ್ತು.

“ಬೂಂಜರ” ಎಂದರು ಅವಧಾನಿಗಳು.

ನೀರಜೆ ತಿರುಗಿ ನೋಡಿದಳು. “ಬೊಂಜೂರ್” ಎಂದಳು, ಉಸಿರಿನಷ್ಟೇ ದನಿಯಲ್ಲಿ.

ಗುರುಗಳು ಎರಡು ಸಲ ಹೇಳಿದರು. ಎರಡೂ ಸಲ ತಪ್ಪಿತು. ನಾಲಿಗೆಗೆ ಹೊಸ ಮಾತು, ಮುಂದಿನ ನಾಲ್ಕು ಹಲ್ಲುಗಳೂ ಇರಲಿಲ್ಲ, ತಪ್ಪದೆ ಏನು ಮಾಡೀತು?

“ಹಾಗಲ್ಲ ಅಜ್ಜ.”

“ಮತ್ತೆ ಹೇಗೆ?”

ಮಗು ತನ್ನ ಗಂಟಲ ಮೇಲೆ ಬೆರಳಿಟ್ಟುಕೊಂಡಿತು. ಆಮೇಲೆ ಅವರ ಗಂಟಲ ಮೇಲೆ ಇಟ್ಟಿತು.

ಮೇಲೆ ನಿಂತಿದ್ದ ವಾಮನನಿಗೆ ತಡೆಯಲಾಗಲಿಲ್ಲ. “ಗುರುಗಳೇ, ನೀವು ಅಲ್ಲಿ ಕೂರೋದಾ? ಬೇಕಾದರೆ ನಾನೇ ಹೇಳಿಕೊಡ್ತೀನಿ.”

“ಪಾಠ ನಡೀತಾ ಇದೆ ವಾಮನ. ಆಮೇಲೆ ಬಾ.”

ದಿನವೂ ಪಾಠ ನಡೆಯಿತು. ಐದನೆಯ ಬೆಳಿಗ್ಗೆ ಅವಧಾನಿಗಳು ಎರಡು ಮಾತನ್ನೂ ಅಚ್ಚುಕಟ್ಟಾಗಿ ಹೇಳಿದರು. ನೀರಜೆ ಅವರ ಬೆನ್ನು ತಟ್ಟಿದಳು.

ಆ ದಿನವೇ ಮಧ್ಯಾಹ್ನ ಕಾರು ಬಂತು. ಮುದುಕಿ ಜೊತೆಗಾತಿಯ ಭುಜ ಹಿಡಿದು ಜಗಲಿಯವರೆಗೆ ನಡೆದು ಬಂದಳು. ಶಿಷ್ಯರೆಲ್ಲ ಸಾಲಾಗಿ ನಿಂತಿದ್ದರು. ನೀರಜೆ ತಾಯಿಯ ಸೆರಗಿನ ಹಿಂದೆ ಇದ್ದಳು.

“ನೀರಜಾ?” ಎಂದಳು ಮುದುಕಿ. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಮುಖ ತಿರುಗಿಸಿದಳು.

ಮಗುವಿನ ತುಟಿ ಅಲುಗಿತು. ಕಣ್ಣು ವಾಮನನ ಮೇಲೆ ಬಿತ್ತು. ತುಟಿ ಮುಚ್ಚಿತು.

ಆಗ ಅವಧಾನಿಗಳು ಮುಂದೆ ಬಂದರು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು.

“ಬೂಂಜರ, ಗ್ರಂಮರ!”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವಾಮನ ನಾಚಿಕೆಯಿಂದ ನೆಲ ನೋಡಿದ.

“ಅಯ್ಯೋ, ಹಾಗಲ್ಲ ಅಜ್ಜಾ!” ನೀರಜೆ ಸೆರಗು ಬಿಟ್ಟು ಎದುರಿಗೆ ಬಂದಳು. “ಬೊಂಜೂರ್, ಗ್ರಾಂಮೇರ್!”

ರಕಾರ ನಾಲಿಗೆಯ ತುದಿಯಿಂದಲೇ ಬಂದಿತ್ತು.

ಮುದುಕಿಯ ಎರಡು ಕೈಗಳೂ ಆ ದನಿಯ ಕಡೆ ಚಾಚಿದವು. ಮಗುವಿನ ಕೆನ್ನೆ ಸಿಕ್ಕಿತು, ಹಣೆ ಸಿಕ್ಕಿತು. ಅವಳು ಅಳುತ್ತ ತನ್ನ ಭಾಷೆಯಲ್ಲಿ ಏನೋ ಕೇಳಿದಳು.

“ಇನ್ನೊಂದು ಸಲ ಹೇಳಬೇಕಂತೆ” ಎಂದ ವಾಮನ.

ನೀರಜೆ ಇನ್ನೊಂದು ಸಲ ಹೇಳಿದಳು. ಆಮೇಲೆ ಯಾರೂ ಕೇಳದೆಯೇ ಮತ್ತೊಂದು ಸಲ.

ಸಂಜೆ ಗುರುಗಳು ಸಂಧ್ಯಾವಂದನೆಗೆ ನದಿಗೆ ಇಳಿದಾಗ ವಾಮನ ಹಿಂದೆಯೇ ಬಂದ.

“ಬೆಳಿಗ್ಗೆ ಸರಿಯಾಗಿ ಹೇಳಿದಿರಿ ಗುರುಗಳೇ. ನಾನೇ ಕೇಳಿಸಿಕೊಂಡೆ.”

“ಹೌದು.”

“ಹಾಗಾದರೆ ಅಷ್ಟು ಜನರ ಎದುರು…”

ಅವಧಾನಿಗಳು ಬೊಗಸೆಯಲ್ಲಿ ನೀರು ತೆಗೆದುಕೊಂಡರು.

“ತಪ್ಪದೆ ಹೇಳೋದು ನನಗೆ ಹನ್ನೆರಡು ವರ್ಷದಲ್ಲಿ ಬಂತು ವಾಮನ. ತಪ್ಪೋದಕ್ಕೆ ಎಂಬತ್ತು ತುಂಬಬೇಕಾಯಿತು.”