ಹತ್ತು ಡಿಗ್ರಿಗೆ ನಿಂತ ಗಂಟೆ

ಇಂದುಧರ ಮೇಷ್ಟ್ರು ಗದಗಿನ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ ಪೈಥಾನ್ ಕಲಿಸುತ್ತಿದ್ದರು. ಪೈಥಾನ್ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಅದರಲ್ಲಿ ಒಂದು ಅನುಕೂಲವಿದೆ. ಪ್ರೋಗ್ರಾಂ ಓಡುತ್ತಿರುವಾಗಲೇ ಅದರೊಳಗಿನ ಯಾವ ವಸ್ತುವನ್ನು ಬೇಕಾದರೂ ಮಾತಾಡಿಸಬಹುದು. 'ಟೈಪ್' ಎಂದು ಕೇಳಿದರೆ ತಾನು ಅಂಕಿಯೋ, ಅಕ್ಷರವೋ, ಪಟ್ಟಿಯೋ ಅಂತ ಅದೇ ಹೇಳುತ್ತದೆ. 'ಡಿರ್' ಎಂದು ಕೇಳಿದರೆ ತನಗೆ ಬರುವ ಕೆಲಸಗಳನ್ನೆಲ್ಲ ಒಪ್ಪಿಸುತ್ತದೆ. ಮೇಷ್ಟ್ರು ತಾವೇ ಬರೆದದ್ದನ್ನೂ ಹೀಗೆ ಕೇಳಿ ನೋಡದೆ ಮುಂದೆ ಹೋಗುತ್ತಿರಲಿಲ್ಲ.

ಅವರ ಶಿಷ್ಯರಲ್ಲಿ ಫಕೀರೇಶ ಬಹಳ ಚುರುಕು. ಬರೆದದ್ದೆಲ್ಲ ಬಾಯಿಪಾಠ ಇರುತ್ತಿತ್ತು. ಮೇಷ್ಟ್ರಿಗೆ ವಯಸ್ಸಾಯಿತು, ಮರೆವು ಬಂದಿದೆ, ಅದಕ್ಕೇ ಕೇಳುತ್ತ ಕೂರುತ್ತಾರೆ ಎಂದು ಅವನು ತಿಳಿದಿದ್ದ.

ಕಲಿಕೆ ಮುಗಿದ ಮೇಲೆ ಅವನಿಗೆ ಒಂದು ತಾಲ್ಲೂಕು ಆಸ್ಪತ್ರೆಯ ಕೆಲಸ ಸಿಕ್ಕಿತು. ಮಕ್ಕಳ ಲಸಿಕೆ ಇಡುವ ಫ್ರಿಜ್ಜು ಎಂಟು ಡಿಗ್ರಿ ದಾಟಬಾರದು. ದಾಟಿದರೆ ಗಂಟೆ ಬಾರಿಸುವ ಪ್ರೋಗ್ರಾಂ ಬೇಕಿತ್ತು. ಫಕೀರೇಶ ಎರಡೇ ದಿನದಲ್ಲಿ ಬರೆದ. ಒಂಬತ್ತು ಕೊಟ್ಟು ನೋಡಿದ, ಗಂಟೆ ಬಾರಿಸಿತು. ಏಳು ಕೊಟ್ಟ, ಸುಮ್ಮನಿತ್ತು. ಅಷ್ಟು ಸಾಕೆಂದು ಬಂದುಬಿಟ್ಟ.

ಮೂರು ತಿಂಗಳಾದ ಮೇಲೆ ಒಂದು ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಕರೆಂಟು ಹೋಯಿತು. ಜನರೇಟರ್ ಹತ್ತಲಿಲ್ಲ. ಬ್ಯಾಟರಿಯ ಮೇಲೆ ಓಡುತ್ತಿದ್ದ ಪ್ರೋಗ್ರಾಂ ಗಂಟೆ ಬಾರಿಸಿತು. ಲಸಿಕೆ ನೋಡಿಕೊಳ್ಳುವ ಎಸ್ತರ್ ಸಿಸ್ಟರ್ ಓಡಿಬಂದು ಮೆಕ್ಯಾನಿಕ್ಕನಿಗೆ ಫೋನ್ ಮಾಡಿದರು. ಅಷ್ಟರಲ್ಲಿ ಗಂಟೆ ನಿಂತಿತು. ಜನರೇಟರ್ ಹತ್ತಿ ಫ್ರಿಜ್ಜು ಮತ್ತೆ ತಣ್ಣಗಾಯಿತು ಅಂದುಕೊಂಡು ಅವರು ವಾರ್ಡಿಗೆ ಮರಳಿದರು. ಸಂಜೆ ತೆಗೆದು ನೋಡಿದಾಗ ಒಳಗೆ ಹದಿನಾಲ್ಕು ಡಿಗ್ರಿ. ಎಂಟು ನೂರು ಡೋಸ್ ಲಸಿಕೆ ಚೆಲ್ಲಬೇಕಾಯಿತು. ಗುರುವಾರ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರು ಹಾಗೇ ವಾಪಸು ಹೋದರು.

ವೈದ್ಯಾಧಿಕಾರಿ ಫಕೀರೇಶನ ಅಭಿಪ್ರಾಯ ಕೇಳಿದರು. ಫ್ರಿಜ್ಜು ತಣ್ಣಗಾಗದೆ ಗಂಟೆ ನಿಲ್ಲುವುದಿಲ್ಲ, ನಿಂತಿದೆ ಎಂದರೆ ಯಾರೋ ಗುಂಡಿ ಒತ್ತಿ ಆರಿಸಿದ್ದಾರೆ ಎಂದು ಅವನು ಬರೆದುಕೊಟ್ಟ. ಕೋಣೆಗೆ ಹೋಗಿದ್ದವರು ಎಸ್ತರ್ ಸಿಸ್ಟರ್ ಒಬ್ಬರೇ. ಅವರಿಗೆ ನೋಟಿಸು ಹೋಯಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅದು ಅವರ ಮೊದಲ ನೋಟಿಸು.

ಮುಂದಿನ ವಾರ ಫಕೀರೇಶ ಮೇಷ್ಟ್ರನ್ನು ಕಂಡಾಗ ಮಾತಿನ ನಡುವೆ ಈ ಸಂಗತಿ ಹೇಳಿದ. ಮೇಷ್ಟ್ರು, "ಬರದು ಕೊಟ್ಟಿಯಲ್ಲ, ಯಾರನ್ನ ಕೇಳಿ ಬರದಿ?" ಎಂದರು.

ಫಕೀರೇಶನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಾನ ಬರದ ಪ್ರೋಗ್ರಾಂ ಸರ. ನನಗ ಗೊತ್ತಿಲ್ಲೇನ್ರಿ?"

"ನೀ ಹೇಳಬ್ಯಾಡ. ಅದನ್ನ ಕೇಳು," ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿದರು.

ಇಬ್ಬರೂ ಬಸ್ಸು ಹಿಡಿದು ಆಸ್ಪತ್ರೆಗೆ ಹೋದರು. ಓಡುತ್ತಿದ್ದ ಪ್ರೋಗ್ರಾಮಿನಲ್ಲಿ, ಫ್ರಿಜ್ಜಿನಿಂದ ಬರುತ್ತಿದ್ದ ಉಷ್ಣಾಂಶವನ್ನು ಫಕೀರೇಶ 'ಟೈಪ್' ಎಂದು ಕೇಳಿದ. ಅಂಕಿ ಎಂಬ ಉತ್ತರ ಬರುವುದೆಂದು ಅವನಿಗೆ ಖಾತ್ರಿಯಿತ್ತು. ಅದು ತಾನು ಅಕ್ಷರಗಳ ಸಾಲು ಎಂದಿತು. ಎಂಟು ಎಂಬ ಮಿತಿಯನ್ನು ಕೇಳಿದ. ಅದೂ ತಾನು ಅಕ್ಷರವೇ ಎಂದಿತು. ಅಕ್ಷರಗಳನ್ನು ಪೈಥಾನ್ ಶಬ್ದಕೋಶದ ಪದಗಳಂತೆ ಮೊದಲ ಅಕ್ಷರ ನೋಡಿ ಹೋಲಿಸುತ್ತದೆ. ಹತ್ತನ್ನು '10' ಎಂದು ಬರೆದಾಗ ಅದರ ಮೊದಲ ಅಕ್ಷರ ಒಂದು. ಒಂದು ಎಂಟಕ್ಕಿಂತ ಮೊದಲು ಬರುತ್ತದೆ. ಹೀಗಾಗಿ ಆ ಪ್ರೋಗ್ರಾಮಿನ ಲೆಕ್ಕದಲ್ಲಿ ಹತ್ತು ಎಂಟಕ್ಕಿಂತ ಕಡಿಮೆ. ಒಂಬತ್ತಕ್ಕೆ ಬಾರಿಸಿದ ಗಂಟೆ ಹತ್ತಾದ ಕೂಡಲೇ ತಾನಾಗಿ ನಿಂತಿತ್ತು.

ಅಕ್ಷರವನ್ನು ಅಂಕಿ ಮಾಡಲು ಎರಡು ಕಡೆ ಒಂದೊಂದು ಶಬ್ದ ಸೇರಿಸಿದರೆ ಸಾಕಿತ್ತು. ಫಕೀರೇಶ ಸೇರಿಸಿದ. ಅಲ್ಲಿಗೇ ಎದ್ದುಬಂದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮೇಷ್ಟ್ರು ಹೊರಗಿನ ಬೆಂಚಿನ ಮೇಲೆ ಹೋಗಿ ಕುಳಿತರು.

ಫಕೀರೇಶ ವಾರ್ಡಿಗೆ ಹೋಗಿ, ಅವತ್ತು ಏನಾಯಿತು ಎಂದು ಎಸ್ತರ್ ಸಿಸ್ಟರನ್ನು ಕೇಳಿದ. ಅವರು ಒಂದು ಮಗುವಿನ ತೂಕ ನೋಡುತ್ತಿದ್ದರು. ಕೆಲಸ ಮುಗಿಸಿ ಅವನತ್ತ ತಿರುಗಿದರು.

"ಗುಂಡಿ ನಾ ಮುಟ್ಟಿಲ್ಲಪಾ. ಗಂಟಿ ತಾನ ನಿಂತಿತು. ಎಂಟು ದಿನ ಆತು, ಇದನ್ನ ನನಗ ಕೇಳಿದವ ನೀನ ಮೊದಲನೇದವ."

ನೋಟಿಸಿಗೆ ಕಾರಣವಾದ ಕಾಗದ ತನ್ನದೇ ಎಂದು ಅವನು ಒಪ್ಪಿಕೊಂಡ. ಅವತ್ತೇ ಅಧಿಕಾರಿಯ ಬಳಿ ಹೋಗಿ, ತಪ್ಪು ತನ್ನ ಪ್ರೋಗ್ರಾಮಿನದು, ಸಿಸ್ಟರ್‌ದು ಏನೂ ಇಲ್ಲ ಎಂದು ಬೇರೆ ಕಾಗದ ಬರೆದುಕೊಟ್ಟ. ನೋಟಿಸು ರದ್ದಾಯಿತು. ಜಿಲ್ಲೆಯ ಉಳಿದ ಆಸ್ಪತ್ರೆಗಳಿಗೂ ಅವನೇ ಪ್ರೋಗ್ರಾಂ ಬರೆಯುವ ಮಾತಾಗಿತ್ತು. ಆ ಕೆಲಸ ಅವನ ಕೈತಪ್ಪಿತು. ಸಿಸ್ಟರ್ ಮಾತ್ರ ಅವನನ್ನು ಕೂಡಿಸಿ ಚಹಾ ತರಿಸಿದರು.

ನೀತಿ: ನಮಗೆ ಚೆನ್ನಾಗಿ ಗೊತ್ತಿದೆ ಅನ್ನಿಸಿದ ಕಡೆಯೇ ನಾವು ಕೇಳುವುದನ್ನು ಬಿಡುತ್ತೇವೆ. ವಸ್ತುವಾಗಲಿ, ಮನುಷ್ಯರಾಗಲಿ, ಅವರು ಹೀಗೇ ಎಂದು ಹೇಳಿಬಿಡುವ ಮೊದಲು ಒಮ್ಮೆ ಅವರನ್ನೇ ಕೇಳಬೇಕು.